ಮುತ್ಯಾನ ಬಂದೂಕು: ಕಾಗದವೂ ಸರಿಯಿರಲಿ, ನಳಿಗೆಯೂ ಸ್ವಚ್ಛವಿರಲಿ

ಆಲಮೇಲದ ಆಚೆ, ಭೀಮಾ ದಂಡೆಯ ಒಂದು ಹಳ್ಳಿಗೆ ಕಬ್ಬಿನ ಬೆಳೆ ನೋಡಲು ಹೋಗಿದ್ದೆ. ಹೊಲದ ಒಂದು ಮೂಲೆಯ ಕಬ್ಬೆಲ್ಲ ಕಾಡುಹಂದಿಗಳ ಪಾಲಾಗಿತ್ತು. ತಿಂದದ್ದಕ್ಕಿಂತ ಮುರಿದು ಕೆಡವಿದ್ದೇ ಹೆಚ್ಚು. ರೈತರು ನನ್ನನ್ನು ಮನೆಗೆ ಕರೆದೊಯ್ದು ಚಹಾ ಕೊಟ್ಟರು. ಜಂತಿಗೆ ಸಿಗಿಸಿದ್ದ ಬಟ್ಟೆಯ ಗಂಟೊಂದನ್ನು ಇಳಿಸಿ ಬಿಚ್ಚಿದರು. ಒಳಗೆ ಒಂಟಿ ನಳಿಗೆಯ ಹಳೆಯ ಬಂದೂಕು.

“ಇದು ನಮ್ಮ ಮುತ್ಯಾಂದ್ರೀ ಸಾಹೇಬ್ರ. ಅಪ್ಪ ಹೋಗಿ ಒಂಬತ್ತು ವರ್ಷ ಆತು. ಅವತ್ತಿನಿಂದ ಯಾರೂ ಹೊಡದಿಲ್ಲ. ಒರಸಿ ಒಂದು ಈಡು ಹಾರಿಸಿದ್ರ ಹಂದಿ ಈ ಕಡೆ ಹಾಯಂಗಿಲ್ಲ” ಎಂದರು.

ನನ್ನ ತಂದೆಯವರ ಬಳಿಯೂ ಇಂಥದೇ ಬಂದೂಕು ಇತ್ತು. ಆದ್ದರಿಂದ ಮೊದಲು ಗಜ ಕೇಳಿದೆ. ನಳಿಗೆಯ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ತೊಟ್ಟಿನ ಮೇಲೆ ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ಗಜವನ್ನು ಮೆಲ್ಲಗೆ ಒಳಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿದೆ. ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದಾಗ ಗುರುತು ನಾಲ್ಕು ಬೆರಳು ಕಡಿಮೆ ಬಂದಿತು. ತಂದೆಯವರು ತುಂಬಿದ್ದ ಈಡು ಒಂಬತ್ತು ವರ್ಷದಿಂದ ಹಾಗೆಯೇ ಒಳಗಿತ್ತು! ಮನೆಯ ಹುಡುಗರು ಅದನ್ನು ಹೆಗಲಿಗೇರಿಸಿ ಆಡಿದ್ದುಂಟು ಎಂದು ಮನೆಯಾಕೆ ಹೇಳಿ, ಅಲ್ಲಿಯೇ ಕುಸಿದು ಕುಳಿತರು.

ಹೆಟ್ಟಿಗೆಯಲ್ಲಿ ಪರವಾನಗಿ ಪುಸ್ತಕವೂ ಸಿಕ್ಕಿತು. ಅದರ ಅವಧಿ ತಂದೆಯವರು ಬದುಕಿದ್ದಾಗಲೇ ಮುಗಿದಿತ್ತು. ಇಂಥ ಬಂದೂಕುಗಳು ನಮ್ಮ ಭಾಗದ ಇನ್ನೂ ಕೆಲವು ಮನೆಗಳಲ್ಲಿ ಇರಬಹುದು. ಆದ್ದರಿಂದ ಈ ವಿಷಯವನ್ನು ಕೃಷಿ ಪುಟದಲ್ಲಿ ಬರೆಯುವುದು ಅವಶ್ಯವೆನಿಸಿತು.

ಇದು ಎಂಥ ಬಂದೂಕು?

ಇದು ರೈಫಲ್ ಅಲ್ಲ. ರೈಫಲ್ಲಿನ ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿರುತ್ತವೆ. ಇದರ ನಳಿಗೆ ಒಳಗೆ ನುಣುಪು. ತೋಟೆ ಹಾಕುವ ಬಂದೂಕೂ ಅಲ್ಲ. ಪ್ರತಿ ಈಡಿಗೂ ಮದ್ದು, ಬಿರಡೆ, ಚರೆಯನ್ನು ಬಾಯಿಯಿಂದ ಕೈಯಾರೆ ತುಂಬಿ ಗಜದಿಂದ ಕೂಡಿಸಬೇಕು. ಕುದುರೆ ಬಿದ್ದಾಗ ಕೇಪು ಸಿಡಿದು, ತೊಟ್ಟಿನ ರಂಧ್ರದ ಮೂಲಕ ಕಿಡಿ ಮದ್ದಿಗೆ ತಲುಪುತ್ತದೆ. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಇ-ಮೈದಾನ್ ತೋಪನ್ನು ನೋಡದವರು ವಿರಳ. ಅದನ್ನೂ ಬಾಯಿಯಿಂದಲೇ ತುಂಬಬೇಕಿತ್ತು.

ಬಂದೂಕಿಗೂ ಕಾನೂನಿಗೂ ನಮ್ಮ ಭಾಗದಲ್ಲಿ ಹಳೆಯ ನಂಟು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಲು ಹೇಳಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ದಂಗೆ ಎದ್ದರು. ಆ ಊರಿನ ಕಥೆ ಲಾವಣಿಯಾಗಿ ಇಂದಿಗೂ ಜನರ ಬಾಯಲ್ಲಿದೆ. ಈಗಿನ ಕಾನೂನು ಸ್ವತಂತ್ರ ಭಾರತದ್ದು, 1959ರ ಆಯುಧ ಅಧಿನಿಯಮ. ಇದರಲ್ಲಿ ರೈತನಿಗೆಂದೇ ಒಂದು ಮಾತಿದೆ. ಅದು ಬಹಳ ಜನರಿಗೆ ತಿಳಿಯದು.

ಕಾನೂನು ಏನು ಹೇಳುತ್ತದೆ?

ಈ ಅಧಿನಿಯಮದ 13ನೆಯ ಕಲಮಿನಲ್ಲಿ, ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡುವ ಅವಕಾಶವನ್ನು ಸ್ಪಷ್ಟವಾಗಿ ಹೇಳಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೂ ಪರವಾನಗಿ ಕೊಡಬಹುದು. ಅರ್ಜಿ ಸಲ್ಲಿಸಬೇಕಾದದ್ದು ಜಿಲ್ಲಾಧಿಕಾರಿಗಳಿಗೆ. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನವಾಗುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಬಂದೂಕಿನ ಸುರಕ್ಷತೆಯ ತರಬೇತಿಯೂ ಆಗಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಕೊಡುವುದು ಒಳ್ಳೆಯದು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. “ಅವರಿಗೆ ಬೇಡವಾದರೆ ನಮಗೇಕೆ?” ಎಂದು ಕೆಲವರು ಕೇಳುವುದುಂಟು. ಆ ವಿನಾಯಿತಿ ಅಲ್ಲಿಯವರಿಗೆ ಮಾತ್ರ. ನಮ್ಮ ಜಿಲ್ಲೆಗೆ ಅನ್ವಯಿಸದು.

ಇನ್ನೊಂದು ತಪ್ಪು ತಿಳಿವಳಿಕೆ, “ಹಳೆಯ ಬಂದೂಕಿಗೆ ಕಾಗದ ಬೇಡ” ಎಂಬುದು. ದುರಸ್ತಿ ಮಾಡಿದರೂ ಹಾರಿಸಲು ಬಾರದ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿ ಇದೆ. ಹಾರುವ ಬಂದೂಕು ನೂರು ವರ್ಷದ್ದಾದರೂ ಪರವಾನಗಿ ಬೇಕೇಬೇಕು. ಪರವಾನಗಿ ಇಲ್ಲದೆ ಇಟ್ಟುಕೊಂಡದ್ದು ಸಾಬೀತಾದರೆ 2ರಿಂದ 5 ವರ್ಷದ ಸೆರೆವಾಸ, ಜೊತೆಗೆ ದಂಡ.

ತಂದೆಯ ನಂತರ ಮಗನಿಗೆ

ಹೊಲದ ಪಹಣಿಯಂತೆ ಬಂದೂಕಿನ ಪರವಾನಗಿಯೂ ವಾರಸುದಾರನ ಹೆಸರಿಗೆ ತಾನಾಗಿ ಬರುವುದಿಲ್ಲ. ಪರವಾನಗಿದಾರರು ತೀರಿಕೊಂಡರೆ ತಡಮಾಡದೆ ಬಂದೂಕನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಅನಂತರ ವಾರಸುದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು.

ಸಾಯುವವರೆಗೆ ಕಾಯಬೇಕೆಂದೂ ಇಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಹೆಸರಿಸಿದ ವಾರಸುದಾರರಿಗೆ ಪರವಾನಗಿ ನೀಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮನೆಯಲ್ಲಿ ವಯಸ್ಸಾದ ತಂದೆಯವರ ಹೆಸರಿನಲ್ಲಿ ಬಂದೂಕು ಇರುವವರು ಇದೇ ವರ್ಷ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಮದ್ದು ತುಂಬುವಾಗ

ಪರವಾನಗಿ ಸರಿಯಿದ್ದವರೂ ಕೆಳಗಿನ ಅಂಶಗಳನ್ನು ಮರೆಯಬಾರದು:

1. ಮೊದಲು ಬಂದೂಕು ಖಾಲಿ ಇದೆಯೇ ಎಂದು ಗಜದಿಂದ ಅಳೆದು ನೋಡಬೇಕು. ಖಾಲಿ ನಳಿಗೆಯ ಆಳಕ್ಕೆ ಗಜದ ಮೇಲೆ ಒಂದು ಕಾಯಂ ಗುರುತನ್ನೂ, ಸರಿಯಾಗಿ ತುಂಬಿದ ಮಟ್ಟಕ್ಕೆ ಇನ್ನೊಂದನ್ನೂ ಹಾಕಿಸಿಕೊಳ್ಳಬೇಕು. ಈಡಿನ ಮೇಲೆ ಈಡು ತುಂಬಿ ನಳಿಗೆ ಸಿಡಿಯುವ ಅಪಾಯ ಇದರಿಂದ ತಪ್ಪುತ್ತದೆ.

2. ಪರವಾನಗಿ ಪಡೆದ ಅಂಗಡಿಯ ಕರಿಮದ್ದನ್ನೇ ಬಳಸಬೇಕು. ಮನೆಯಲ್ಲಿ ಮದ್ದು ಅರೆಯುವುದು ಅಪರಾಧವೂ ಹೌದು, ಪ್ರಾಣಕ್ಕೆ ಕುತ್ತೂ ಹೌದು. ಪಟಾಕಿಯ ಮದ್ದು, ಕಡ್ಡಿಪೆಟ್ಟಿಗೆಯ ಮದ್ದು, ತೋಟೆಯಿಂದ ಬಿಚ್ಚಿದ ಹೊಗೆಯಿಲ್ಲದ ಮದ್ದು ಇವನ್ನು ಎಂದಿಗೂ ಹಾಕಬಾರದು. ಅವುಗಳ ಒತ್ತಡವನ್ನು ಈ ನಳಿಗೆ ತಡೆಯಲಾರದು.

3. ಅಂಗೈಯಲ್ಲಿ ಅಂದಾಜು ಮಾಡಬಾರದು. ಬಂದೂಕಿಗೆ ತಕ್ಕ ಅಳತೆಯನ್ನು ಪರವಾನಗಿ ಪಡೆದ ರಿಪೇರಿಗಾರರಿಂದ ಗೊತ್ತುಮಾಡಿಕೊಂಡು ಒಂದೇ ಅಳತೆಯ ಚಿಪ್ಪನ್ನು ಇಟ್ಟುಕೊಳ್ಳಬೇಕು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಕೂಡದು. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ.

4. ಬಿರಡೆ, ಚರೆ ಮದ್ದಿನ ಮೇಲೆ ಸರಿಯಾಗಿ ಕೂಡಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಬಹುದು. ತುಂಬುವಾಗ ಮುಖ, ಎದೆ ನಳಿಗೆಯ ಬಾಯಿಯ ನೇರಕ್ಕೆ ಬರಬಾರದು.

5. ಕೇಪು ಎಲ್ಲಕ್ಕಿಂತ ಕೊನೆಗೆ, ಅದೂ ಹೊಲದಲ್ಲಿ ನಿಂತ ಮೇಲೆ.

6. ಕೇಪು ಸಿಡಿದೂ ಈಡು ಹಾರದಿದ್ದರೆ ಕೂಡಲೇ ಇಣುಕಿ ನೋಡಬಾರದು. ಬಾಯಿಯನ್ನು ಬಯಲಿಗೆ ಹಿಡಿದು ಒಂದೆರಡು ನಿಮಿಷ ಹಾಗೆಯೇ ನಿಲ್ಲಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

7. ತುಂಬಿದ ಬಂದೂಕನ್ನು ಮನೆಯೊಳಗೆ ತರಲೇಬಾರದು. ಬಂದೂಕು ಒಂದು ಕಡೆ, ಮದ್ದು ಇನ್ನೊಂದು ಕಡೆ, ಎರಡಕ್ಕೂ ಬೀಗ.

ತೊಳೆಯುವ ಕ್ರಮ

ಕರಿಮದ್ದು ಪೂರ್ತಿ ಉರಿದು ಹೋಗುವುದಿಲ್ಲ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಗೊಬ್ಬರದ ಚೀಲ ನೀರೊಡೆಯುವಂತೆ ಆ ಮಸಿ ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಮಾತ್ರ ಹಚ್ಚಿದರೆ ಮಸಿ ಕರಗದು. ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಗಜಕ್ಕೆ ಸುತ್ತಿದ ಅರಿವೆ ಬಿಳಿಯಾಗಿ ಹೊರಬರುವವರೆಗೆ ಒರೆಸಿ, ಚೆನ್ನಾಗಿ ಒಣಗಿಸಿ, ಅನಂತರ ತೆಳುವಾಗಿ ಎಣ್ಣೆ ಸವರಬೇಕು. ನಳಿಗೆಯಲ್ಲಿ ಬಿರುಕು, ಆಳವಾದ ತುಕ್ಕಿನ ಗುಳಿ ಕಂಡರೆ ಆ ಬಂದೂಕಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ಯಾವುದಕ್ಕೆ ಹೊಡೆಯಬಹುದು?

ಬಂದೂಕಿನ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಚಿಗರಿ ಒಂದನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷ ಸೆರೆವಾಸ, ಕನಿಷ್ಠ 25 ಸಾವಿರ ರೂಪಾಯಿ ದಂಡ. ಕಡಲೆ, ಜೋಳ ಮೇಯ್ದಿತೆಂಬ ಸಿಟ್ಟಿಗೆ ಈ ಕೆಲಸಕ್ಕೆ ಕೈಹಾಕಬಾರದು. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಪಡೆದ ಮೇಲೆಯೇ ಹೊಡೆಯಬಹುದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. 48 ಗಂಟೆಯೊಳಗೆ ತಿಳಿಸಬೇಕು. ಅಡಿಗೆಮನೆಗೆ ಒಯ್ಯುವಂತಿಲ್ಲ.

ನಿಜ ಹೇಳಬೇಕೆಂದರೆ ಬಂದೂಕಿನ ದೊಡ್ಡ ಉಪಯೋಗ ಅದರ ಸಪ್ಪಳ. ಆದರೆ ಸಪ್ಪಳಕ್ಕೆ ಹಂದಿಗಳು ಬೇಗ ಹೊಂದಿಕೊಳ್ಳುತ್ತವೆ. ಮೊದಲ ರಾತ್ರಿ ಓಡಿದ ಹಿಂಡು ನಾಲ್ಕನೆಯ ರಾತ್ರಿ ಪಕ್ಕದ ಬದುವಿಗೆ ಸರಿದು ನಿಲ್ಲುತ್ತದೆ. ಆದ್ದರಿಂದ ಅಕ್ಕಪಕ್ಕದ ಹೊಲದವರು ಕೂಡಿ ಸೌರ ಬೇಲಿ ಹಾಕುವುದು, ಕಬ್ಬಿನ ಸುತ್ತಲಿನ ಮುಳ್ಳುಕಂಟಿ ಸವರಿ ಹಂದಿ ಅಡಗುವ ಜಾಗ ಕಡಿಮೆ ಮಾಡುವುದು, ಪಾಳಿಯಲ್ಲಿ ರಾತ್ರಿ ಕಾಯುವುದು ಹೆಚ್ಚು ಫಲಕಾರಿ. ಸೌರ ಬೇಲಿ ಬಿಟ್ಟು ಬಿಟ್ಟು ಸಣ್ಣ ಏಟು ಕೊಡುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ತಂತಿಗೆ ಹರಿಸುವುದು ಮಾತ್ರ ಘೋರ ಅಪರಾಧ. ಅದಕ್ಕೆ ಹಂದಿಗಿಂತ ಮೊದಲು ನೆರೆಹೊಲದ ಮನುಷ್ಯನೇ ಬಲಿಯಾಗಬಹುದು. ಹಾನಿಯಾದ ಕೂಡಲೇ ಫೋಟೊ ತೆಗೆಸಿ, ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು.

ಮತ್ತೆ ಆ ಮನೆಗೆ

ಭೀಮಾ ದಂಡೆಯ ಆ ರೈತರು ಅಂದು ಬಹಳ ಹೊತ್ತು ಸುಮ್ಮನಿದ್ದರು. “ಠಾಣೆಗೆ ಹೋದ್ರ ನನ್ನನ್ನ ಒಳಗ ಹಾಕಿದ್ರ ಏನ್ರೀ?” ಎಂದು ಕೇಳಿದರು. ಆ ಭಯ ಸುಳ್ಳೆಂದು ನಾನು ಹೇಳಲಿಲ್ಲ. ತಡವಾದದ್ದು ತಪ್ಪೇ. ಆದರೆ ತಾವಾಗಿ ಒಪ್ಪಿಸುವುದಕ್ಕೂ ಬೇರೆಯವರು ಹಿಡಿದುಕೊಡುವುದಕ್ಕೂ ಬಹಳ ಅಂತರವಿದೆ ಎಂದೆ. ಮರುದಿನ ಅವರು ಒಬ್ಬ ವಕೀಲರನ್ನು ಕಂಡು, ಹಳೆಯ ಪರವಾನಗಿ ಪುಸ್ತಕ ಮತ್ತು ತಂದೆಯವರ ಮರಣ ಪತ್ರ ಹಿಡಿದು ಠಾಣೆಗೆ ಹೋದರು. ಬಂದೂಕು ತುಂಬಿದೆ ಎಂಬುದನ್ನು ಮೊದಲೇ ತಿಳಿಸಿದ್ದರಿಂದ ಪೊಲೀಸರೇ ಮನೆಗೆ ಬಂದು ಎಚ್ಚರದಿಂದ ಒಯ್ದರು. ಈಡನ್ನು ತಿಳಿದವರ ಕೈಯಿಂದ ತೆಗೆಸಲಾಯಿತು. ಮದ್ದು ಇನ್ನೂ ಒಣಗಿಯೇ ಇತ್ತಂತೆ.

ರಸೀದಿ ಅವರ ಹೆಟ್ಟಿಗೆಯಲ್ಲಿದೆ. ಪರವಾನಗಿಯ ಅರ್ಜಿ ಕಚೇರಿಯಲ್ಲಿದೆ. ಸಿಕ್ಕರೆ ಮುತ್ಯಾನ ಬಂದೂಕು ಮನೆಗೆ ಬರುತ್ತದೆ, ಸಿಗದಿದ್ದರೆ ಬರುವುದಿಲ್ಲ. ಹುಡುಗರಿಬ್ಬರೂ ಮನೆಯಲ್ಲಿದ್ದಾರೆ, ಅದು ಮುಖ್ಯ. ರೈತ ಬಾಂಧವರು ಇಂದೇ ತಮ್ಮ ಮನೆಯ ಜಂತಿಯನ್ನೂ ಅಟ್ಟವನ್ನೂ ಒಮ್ಮೆ ನೋಡಬೇಕು. ಹಳೆಯ ಬಂದೂಕು ಕಂಡರೆ ಅದು ತುಂಬಿದೆ ಎಂದೇ ಭಾವಿಸಿ, ಯಾರನ್ನೂ ಮುಟ್ಟಗೊಡದೆ, ಠಾಣೆಗೆ ತಿಳಿಸಬೇಕು.