ತುಳಸಿಕಟ್ಟೆಯಿಂದ ತೇರಿನವರೆಗೆ ಕಸೂತಿಯ ದಾರಿ

ಧಾರವಾಡ ಸೀಮೆಯ ಕಸೂತಿ ಸೀರೆಯೊಂದನ್ನು ಹಾಸಿ, ಸೆರಗಿನ ಕಡೆಯಿಂದ ನೋಡುತ್ತ ಬನ್ನಿ. ಸೆರಗಿಗೆ ಹತ್ತಿದಂತೆ ದೊಡ್ಡ ದೊಡ್ಡ ಚಿತ್ರಗಳು: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ಪಲ್ಲಕ್ಕಿ, ತುಳಸಿಕಟ್ಟೆ. ಅಲ್ಲಿಂದ ದೂರ ಸರಿದಂತೆ ಅವು ಸಣ್ಣವಾಗುತ್ತವೆ. ನವಿಲು, ಗಿಳಿ, ಕಮಲ, ತೊಟ್ಟಿಲು, ಶಂಖ. ಆಮೇಲೆ ಒಡಲ ತುಂಬ ಚೆಲ್ಲಿದ ಚುಕ್ಕಿ, ಪುಟ್ಟ ಹೂ. ಇವನ್ನೆಲ್ಲ ಮೊದಲು ಹೊಲಿದ ಹೆಣ್ಣುಮಕ್ಕಳು ಚಿತ್ರಕಲೆಯ ಶಾಲೆ ಕಂಡವರಲ್ಲ. ಅಂಗಳದಲ್ಲಿ ದಿನಾ ಕಾಣುತ್ತಿದ್ದುದು, ಜಾತ್ರೆಗೆ ಹೋದಾಗ ಕಣ್ತುಂಬಿಕೊಂಡದ್ದು, ಇವೇ ಅವರಿಗೆ ಮಾದರಿ. ಕಸೂತಿಯನ್ನು ಹೊಗಳುವವರು ಸಾಮಾನ್ಯವಾಗಿ ಹೊಲಿಗೆಯ ಅಚ್ಚುಕಟ್ಟನ್ನು ಹೊಗಳುತ್ತಾರೆ. ನನಗೆ ಅದರ ಹಿಂದಿನ ನೋಟವೇ ದೊಡ್ಡದು.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ಸೂಜಿ ಬಟ್ಟೆಯ ಎಳೆ ಎಣಿಸುತ್ತಲೇ ಸಾಗುತ್ತದೆ. ಹೊಲಿಗೆ ನಾಲ್ಕು ಬಗೆ. ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ಗೆರೆಯ ಮೇಲೆ ಹಿಂದೆ ಬರುವುದು ಗವಂತಿ. ಅದೇ ನಡೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿದರೆ ಮುರ್ಗಿ. ಮಗ್ಗದಲ್ಲೇ ಮೂಡಿದಂತೆ ಕಾಣುವುದು ನೇಯ್ಗೆ. ಅಡ್ಡಡ್ಡ ದಾಟುವ ಹೊಲಿಗೆಯಿಂದ ಒಳಮೈ ತುಂಬುವುದು ಮೆಂತೆ. ಗವಂತಿ, ಮುರ್ಗಿಗಳಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಹೀಗಾಗಿ ತೇರು ಹೊಲಿಯುವವಳು ಸೂಜಿ ಚುಚ್ಚುವ ಮೊದಲೇ ಹಾದಿ ಗೊತ್ತುಮಾಡಿಕೊಳ್ಳಬೇಕು. ಗಾಲಿಯಿಂದ ಹೊರಟ ದಾರ ಕಳಸ ಮುಟ್ಟಿ, ಒಂದು ಗೆರೆಯನ್ನೂ ತಪ್ಪಿಸದೆ ಗಾಲಿಗೇ ಮರಳಬೇಕು. ಜಾತ್ರೆಗೆ ಹೋದವರು ಹೊತ್ತು ಮುಳುಗುವುದರೊಳಗೆ ಬಂದ ಹಾದಿಯಲ್ಲೇ ಮನೆ ಸೇರಿದ ಹಾಗೆ.

ಈ ಎಳೆಯ ಲೆಕ್ಕವೇ ಹಿತ್ತಲಿನ ಹೂವನ್ನು ಬದಲಿಸುತ್ತದೆ. ಬಟ್ಟೆಯಲ್ಲಿ ಎಳೆಗಳು ಹಾಸು ಹೊಕ್ಕಾಗಿ ನೇರ ನಿಂತಿವೆ. ಬಾಗಿದ ಗೆರೆಗೆ ಅಲ್ಲಿ ಜಾಗವಿಲ್ಲ. ನಾಲ್ಕು ಎಸಳು ನೇರಕ್ಕೆ, ನಾಲ್ಕು ಮೂಲೆಗೆ ಚಾಚಿದರೆ ಎಂಟೆಸಳಿನ ಹೂ ಸಲೀಸಾಗಿ ಅರಳುತ್ತದೆ. ಐದೆಸಳಿನ ದಾಸವಾಳ ಹಾಗೆ ಸುಲಭಕ್ಕೆ ಒಗ್ಗುವುದಿಲ್ಲ. ನವಿಲಿನ ಕೊರಳು ಮೆಟ್ಟಿಲಾಗಿ ಇಳಿಯಬೇಕು, ಆದರೂ ನೋಡಿದವರಿಗೆ ನವಿಲೇ ಕಾಣಬೇಕು. ಅಂದರೆ ಹೊಲಿಯುವವಳು ಹೂವನ್ನೋ ಹಕ್ಕಿಯನ್ನೋ ಇದ್ದಂತೆ ನಕಲು ಮಾಡಲಾರಳು. ಅದರಲ್ಲಿ ಏನು ಉಳಿದರೆ ಗುರುತು ಉಳಿಯುತ್ತದೆ, ಏನು ಬಿಟ್ಟರೆ ನಡೆಯುತ್ತದೆ ಎಂಬುದು ಅವಳಿಗೆ ತಿಳಿದಿರಬೇಕು. ತುಳಸಿಕಟ್ಟೆಗೆ ಮಾತ್ರ ಈ ತೊಡಕಿಲ್ಲ. ಚೌಕದ ಪೀಠ, ಅಂಚು ಅಂಚಾಗಿ ಏರಿದ ಕಟ್ಟೆ, ದೀಪದ ಗೂಡು, ಎಲ್ಲವೂ ನೇರ ಗೆರೆ. ದಿನಾ ನೀರು ಹಾಕಿ ಸುತ್ತು ಬರುತ್ತಿದ್ದ ಕಟ್ಟೆಯ ಅಳತೆ ಬೆರಳಿಗೂ ಗೊತ್ತು.

ತೇರು ಹಾಗಲ್ಲ, ಅದು ದೂರದ್ದು. ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ತೇರು ಎಳೆಯುತ್ತಾರೆ. ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿಯುತ್ತದೆ. ಮನೆಯ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಪ್ರವಾಸವೆಂದರೆ ಜಾತ್ರೆಯೇ. ಅಪರೂಪಕ್ಕೆ ಕಂಡ ತೇರು, ಗೋಪುರಗಳೇ ಸೆರಗಿನ ಬಳಿಯ ದೊಡ್ಡ ಜಾಗ ಹಿಡಿದದ್ದು ನನಗೆ ಸಹಜವೆನಿಸುತ್ತದೆ. ಮದುವಣಗಿತ್ತಿಗೆ ಕೊಡುವ ಕಪ್ಪು ಒಡಲಿನ ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಹಸಿರು, ಕಿತ್ತಳೆ ರೇಷ್ಮೆಯಲ್ಲಿ ಅವು ಎದ್ದು ನಿಲ್ಲುವ ಬಗೆಯನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ನಮ್ಮ ನಾಡಿನ ಬೇರೆ ಸೂಜಿಕೆಲಸಗಳಲ್ಲೂ ಬದುಕಿನ ಜಾಡು ಹೀಗೇ ಉಳಿದಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ನಾಡಿನುದ್ದ ನಡೆದ ಲಂಬಾಣಿಗರ ಹೊಲಿಗೆಯಲ್ಲಿ ಕನ್ನಡಿ ಬಿಲ್ಲೆಯ ಜೊತೆ ಸಮುದ್ರದ ಕವಡೆ ಕೂತಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಸುತ್ತುತ್ತ ಹೊಲಿದು ಕೌದಿ ಮಾಡುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಮುಮ್ಮೂಲೆಯ ಬಟ್ಟೆಯ ಹೂ ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಕಸೂತಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಜಾಗವಿದೆ. ಅದೇ ಹೊತ್ತಿಗೆ ಯಂತ್ರದಲ್ಲಿ ಹೊಲಿದ, ಬಟ್ಟೆಗೆ ಅಚ್ಚು ಹಾಕಿದ ‘ಕಸೂತಿ’ಯೂ ಪೇಟೆಯಲ್ಲಿ ಧಾರಾಳ. ಅಗ್ಗಕ್ಕೆ ಸಿಗುವುದರ ಮುಂದೆ ಎಳೆ ಎಣಿಸುವ ಕೈಗೆ ನ್ಯಾಯವಾದ ಕೂಲಿ ಸಿಗುವುದು ಕಷ್ಟ, ಇದು ಮೊದಲ ಚಿಂತೆ. ನನ್ನ ಎರಡನೆಯ ಚಿಂತೆ, ಕೈಹೊಲಿಗೆಯವರೂ ಪುಸ್ತಕದ ತೇರನ್ನೇ ಮತ್ತೆ ಮತ್ತೆ ಹೊಲಿಯುತ್ತಿರುವುದು. ಹಳೆಯ ಚಿತ್ತಾರ ಉಳಿಯಲೇಬೇಕು. ಅದರ ಪಕ್ಕಕ್ಕೆ ಈ ಕಾಲದವರು ಕಂಡದ್ದೂ ಬರಬೇಡವೇ?

ಹೊಸದಾಗಿ ಕಲಿಯುವವರು ಎಳೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯಿಂದ ಶುರುಮಾಡಬಹುದು. ಪ್ರವಾಸಕ್ಕೆ ಹೊರಟಾಗ ಚೌಕುಳಿ ಗೆರೆಯ ಲೆಕ್ಕದ ಪುಸ್ತಕವೊಂದು ಚೀಲದಲ್ಲಿರಲಿ. ಕಂಡದ್ದನ್ನು ಅದರಲ್ಲಿ ಬರೆದುಕೊಳ್ಳಿ, ಒಂದು ಚೌಕಕ್ಕೆ ಒಂದು ಹೊಲಿಗೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 8ನೇ ಶತಮಾನದ್ದು. ಅದರ ಗೋಡೆಗಳಲ್ಲಿ ಕಲ್ಲು ಕೊರೆದು ಮಾಡಿದ ಬಗೆಬಗೆಯ ಜಾಲಂಧ್ರಗಳಿವೆ. ನೇರ ಗೆರೆಯವನ್ನು ಆರಿಸಿಕೊಂಡರೆ ಮುರ್ಗಿಗೆ ಬೇಕಾದ ಮೆಟ್ಟಿಲು ಅಲ್ಲೇ ಸಿಗುತ್ತದೆ. ಹಿತ್ತಲಿನ ದಾಸವಾಳವನ್ನೂ ಎದುರಿನಿಂದ ಬೇಡ, ಪಕ್ಕದಿಂದ ನೋಡಿ ಬರೆದುಕೊಳ್ಳಿ. ಆಗ ಐದೆಸಳಿನ ಲೆಕ್ಕ ಕಾಡುವುದಿಲ್ಲ. ಹೊರಚಾಚಿದ ಉದ್ದನೆಯ ಕೇಸರ ಒಂದು ನೇರ ಗವಂತಿ, ತುದಿಯ ಹಳದಿ ಪರಾಗಕ್ಕೆ ನಾಲ್ಕಾರು ಮೆಂತೆ ಸಾಕು.