ಹಳೆಯ ಮನೆಗೆ ಹೊಸ ಹೊರಮೈ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದ ಗೃಹಸ್ಥನಿಲ್ಲ. ಕಟ್ಟುವ ಕಷ್ಟವನ್ನು ನಮ್ಮ ಹಿರಿಯರು ಹೀಗೆ ಒಂದೇ ಮಾತಿನಲ್ಲಿ ಹೇಳಿಟ್ಟರು. ಆದರೆ ಕಟ್ಟಿದ ಮನೆಯನ್ನು ಮೂರು ನಾಲ್ಕು ತಲೆಮಾರು ಕಾಯ್ದುಕೊಂಡು ಬರುವ ಕಷ್ಟವೂ ಕಡಿಮೆಯದಲ್ಲ. ಕಟ್ಟಿಸಿದವನಿಗೆ ತನ್ನ ಮನೆಯ ಕಲ್ಲು ಕಲ್ಲಿನ ಪರಿಚಯವಿರುವದು. ಮೊಮ್ಮಗನಿಗೆ ಗೋಡೆಯೊಳಗೆ ಏನಿದೆಯೆಂಬುದೇ ಗೊತ್ತಿರುವದಿಲ್ಲ. ಗೊತ್ತಿಲ್ಲದೆ ಮಾಡಿದ ಉಪಚಾರವು ಎಷ್ಟೋ ಸಲ ಅಪಚಾರವಾಗುವದು. ಆದ್ದರಿಂದ ಹಳೆಯ ಮನೆಯ ಹೊರಮೈಯನ್ನು ಹೊಸದು ಮಾಡಬೇಕೆನ್ನುವ ಗೃಹಸ್ಥರು ಯಾವುದನ್ನು ಮೊದಲು ಮಾಡತಕ್ಕದ್ದು, ಯಾವುದನ್ನು ಮಾಡಕೂಡದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಉದಾಹರಣೆಗೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಮನೆಗಳನ್ನೇ ತೆಗೆದುಕೊಳ್ಳೋಣ. ರೋಣ ನರಗುಂದಗಳದು ಎರೆಯ ಸೀಮೆ. ಗಜೇಂದ್ರಗಡದ ಸುತ್ತ ಕಲ್ಲಿನ ಗುಡ್ಡಗಳು. ನೆಲವು ಬೇರೆಯಾದರೂ ಹಳೆಯ ಮನೆಗಳ ಕಟ್ಟಾಣಿಕೆಯು ಬಹುಮಟ್ಟಿಗೆ ಒಂದೇ. ಎರಡು ಅಡಿಗೂ ಮಿಕ್ಕಿದ ದಪ್ಪ ಗೋಡೆಗಳು. ಅವುಗಳಲ್ಲಿ ಕಲ್ಲಿಗೆ ಕಲ್ಲನ್ನು ಕೂಡಿಸಿದ್ದು ಬರಿಯ ಕೆಸರು. ಮೇಲೆ ಕಂಬ, ತೊಲೆ, ಜಂತಿಗಳ ಮಾಳಿಗೆ. ಜಂತಿಗಳ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಸಿಬರು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಬಡಿದು ಗಟ್ಟಿ ಮಾಡಿದ ಮಣ್ಣು. ಮಾಳಿಗೆಯಲ್ಲಿ ಬೆಳಕಿಂಡಿ. ಬೀದಿಯ ಕಡೆಗೆ ಚಿತ್ರ ಕೊರೆದ ತಲೆಬಾಗಿಲು, ಅದರ ಎರಡು ಮಗ್ಗುಲಿಗೂ ಕಟ್ಟೆ. ಗಜೇಂದ್ರಗಡದ ನೇಕಾರರ ಮನೆಯಾದರೆ ಮಗ್ಗಕ್ಕೆ ಬೆಳಕು ಬೀಳುವಂತೆ ಕಿಟಕಿ. ವರ್ಷಕ್ಕೆ ಸುಮಾರು 600 ಮಿಲಿಮೀಟರಷ್ಟೇ ಮಳೆ ಬೀಳುವ ಈ ಸೀಮೆಗೆ ಇಂಥ ಮನೆಯು ತಕ್ಕದ್ದೇ ಆಗಿತ್ತು. ಬೇಸಿಗೆಯ ಉರಿಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ.

ಇಂಥ ಮನೆಗೆ ಇರುವ ವೈರಿ ಒಂದೇ: ನೀರು. ಈ ಮಾತನ್ನು ಈ ಸೀಮೆಯ ಪೂರ್ವಿಕರು ಚೆನ್ನಾಗಿ ಬಲ್ಲರು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ 11ನೆಯ ಶತಮಾನದ ಜೋಡುಕಳಸದ ಗುಡಿಯಿದೆ. ಅದನ್ನು ನೋಡಲು ಹೋದವರು ಶಿಲ್ಪದ ಸೊಬಗಿನೊಡನೆ ಇನ್ನೊಂದನ್ನೂ ಗಮನಿಸಬೇಕು. ಗುಡಿಯನ್ನು ನೆಲದಿಂದ ಮೇಲೆತ್ತಿದ ಜಗತಿಯೂ, ಗೋಡೆಯಿಂದ ಮುಂದೆ ಚಾಚಿದ ಕಲ್ಲಿನ ಸೂರೂ ಬರಿಯ ಅಂದಕ್ಕಾಗಿ ಇಟ್ಟವುಗಳಲ್ಲ. ಮೇಲಿನಿಂದ ಬಿದ್ದ ಮಳೆಯನ್ನು ಸೂರು ದೂರ ಚೆಲ್ಲುವದು; ನೆಲದ ಹಸಿಯನ್ನು ಜಗತಿಯು ತಡೆಯುವದು. ಕಲ್ಲಿನ ಗುಡಿಗೇ ಇಷ್ಟು ಎಚ್ಚರವನ್ನು ವಹಿಸಿದ ಮೇಲೆ ಮಣ್ಣಿನ ಗೋಡೆಗೆ ಎಷ್ಟು ಎಚ್ಚರ ಬೇಕು!

ಈಗ ನಡೆಯುತ್ತಿರುವದೇನು? ಮಗನ ಮದುವೆ ಗೊತ್ತಾಗುವದು; ಬೀಗರ ಕಣ್ಣಿಗೆ ಮನೆ ಚೆಂದ ಕಾಣಬೇಕೆಂದು ಆತುರವಾಗುವದು. ಗೌಂಡಿಯನ್ನು ಕರೆದು ಮುಂದಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಹೊಳೆಯುವ ಬಣ್ಣ ಬಳಿಸುವರು. ಅನುಕೂಲವಿದ್ದವರು ಎದೆಮಟ್ಟಕ್ಕೆ ನುಣುಪು ಬಿಲ್ಲೆಗಳನ್ನೂ ಅಂಟಿಸುವರು. ಮೊದಲ ವರ್ಷ ಮನೆಯು ಮದುಮಗಳಂತೆ ಕಾಣುವದು. ಎರಡನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆಯೇಳುವದು. ನಾಲ್ಕನೆಯದಕ್ಕೆ ಗಿಲಾವು ಚಕ್ಕೆ ಚಕ್ಕೆಯಾಗಿ ಉದುರತೊಡಗುವದು. ಒಳಗೋಡೆಯ ಬುಡದಲ್ಲಿ ಉಪ್ಪು ಬಿಳಿಯ ಹುಡಿಯಾಗಿ ಮೂಡುವದು. ಆಗ ಮನೆಯವರು “ಗೌಂಡಿ ಸಿಮೆಂಟು ಕಡಿಮೆ ಹಾಕಿದ” ಎಂದು ಬಯ್ದು, ಮೊದಲಿಗಿಂತ ಗಟ್ಟಿಯಾದ ಗಿಲಾವನ್ನು ಮಾಡಿಸುವರು. ತಪ್ಪು ಇಮ್ಮಡಿಯಾಗುವದು.

ಇದರ ಕಾರಣವನ್ನು ತಿಳಿದುಕೊಳ್ಳುವದು ಕಠಿಣವಲ್ಲ. ಮಣ್ಣಿನ ಗೋಡೆಯು ಸ್ವಲ್ಪ ನೀರನ್ನು ಕುಡಿಯುವದು, ಬಿಸಿಲು ಬಂದಾಗ ಅದನ್ನು ಬಿಟ್ಟುಕೊಟ್ಟು ಆರುವದು. ಮಣ್ಣಿನ ಮೆತ್ತಿಗೆಯೂ ಸುಣ್ಣದ ಗಿಲಾವೂ ಈ ಆರುವಿಕೆಗೆ ಅಡ್ಡ ಬರುವದಿಲ್ಲ. ಸಿಮೆಂಟಾದರೋ ಗಟ್ಟಿ, ಬಿರುಸು. ಒಳಗಿನ ಮಣ್ಣು ಹಿಗ್ಗಿ ಕುಗ್ಗುವಾಗ ಅದು ಕೂಡ ಬಾಗದೆ ಕೂದಲೆಳೆಯಂಥ ಬಿರುಕು ಬಿಡುವದು. ಆ ಬಿರುಕಿನಿಂದ ಒಳಸೇರಿದ ನೀರು ಹೊರಗೆ ಬರಲಾರದು. ಬೆವರಿದ ಮೈಗೆ ಮೇಣಬಟ್ಟೆ ಸುತ್ತಿದಂತೆ ಗೋಡೆ ಒಳಗೊಳಗೇ ನೆನೆಯುವದು. ಹೊರಗೆ ನೋಡಿದರೆ ಅಚ್ಚುಕಟ್ಟು; ಒಳಗೆ ಕೆಸರು.

ಈ ಪಾಠವನ್ನು ಬೇರೆ ದೇಶದವರೂ ಕಲಿತಿರುವರು. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ರಾಂಚೋಸ್ ದ ತಾವೋಸ್ ಎಂಬ ಊರಿನಲ್ಲಿ ಹಸಿ ಇಟ್ಟಿಗೆಯ ಹಳೆಯ ಇಗರ್ಜಿಯೊಂದಿದೆ. ವರ್ಷ ವರ್ಷ ಮಣ್ಣು ಮೆತ್ತುವ ತೊಂದರೆ ತಪ್ಪಲೆಂದು 1967ರಲ್ಲಿ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿದರು. ಹತ್ತು ಹನ್ನೆರಡು ವರ್ಷಗಳೊಳಗೆ ಗೋಡೆಗಳು ಒಳಗೆ ನೆನೆದು ಕೆಟ್ಟದ್ದು ಕಂಡುಬಂದಿತು. ಊರವರು ಸಿಮೆಂಟನ್ನು ಕಿತ್ತು ತೆಗೆದು ಮರಳಿ ಮಣ್ಣಿಗೇ ಬಂದರು. ಸಿಮೆಂಟು ಕೆಟ್ಟ ವಸ್ತುವೆಂದು ನಾವು ಹೇಳುತ್ತಿಲ್ಲ. ಹೊಸ ಕಟ್ಟಡಕ್ಕೆ ಅದರಷ್ಟು ಉಪಯೋಗದ ವಸ್ತು ವಿರಳ. ಮಣ್ಣಿನ ಗೋಡೆಗೆ ಅದು ಒಗ್ಗುವದಿಲ್ಲ, ಇಷ್ಟೇ ನಮ್ಮ ಮಾತು.

ಹಾಗಾದರೆ ಕೆಲಸವನ್ನು ಎಲ್ಲಿಂದ ಆರಂಭಿಸತಕ್ಕದ್ದು? ಗೋಡೆಯಿಂದಲ್ಲ, ಮಾಳಿಗೆಯಿಂದ. ಬೇಸಿಗೆಯಲ್ಲಿ ಮಾಳಿಗೆಯನ್ನೇರಿ ಎಲ್ಲಿ ತಗ್ಗಾಗಿದೆ, ಎಲ್ಲಿ ಹುಲ್ಲು ಬೆಳೆದಿತ್ತು, ಇಲಿಯ ಬಿಲವೆಲ್ಲಿ ಎಂಬುದನ್ನು ನೋಡಬೇಕು. ವರ್ಷ ವರ್ಷವೂ ಹಳೆಯ ಮಣ್ಣಿನ ಮೇಲೆಯೇ ಹೊಸ ಮಣ್ಣನ್ನು ಹೇರುತ್ತ ಹೋದರೆ ಜಂತಿಗಳು ಭಾರಕ್ಕೆ ಬಾಗುವವು. ಆದ್ದರಿಂದ ಹಳೆಯದನ್ನು ಕೆರೆದು ಇಳಿಸಿ, ಜಂತಿಗಳನ್ನು ಪರೀಕ್ಷಿಸಿ, ಬಳಿಕ ಹೊಸದನ್ನು ಹಾಕಬೇಕು. ನೀರು ಹರಿದು ಹೋಗಲು ಇಳಿಜಾರು ಇರಲಿ. ನೀರಿಳಿಯುವ ದೋಣಿಗಳು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರಲಿ; ಮೋಟು ದೋಣಿಯ ನೀರು ಗೋಡೆಯನ್ನೇ ಕೊರೆಯುವದು. ಮಾಳಿಗೆಯ ಮೇಲೆ ತಗಡು ಹೊದಿಸುವವರು ಅದನ್ನೂ ಗೋಡೆಯಾಚೆಗೆ ಚಾಚಿಸಿ, ತಗಡಿಗೂ ಮಣ್ಣಿಗೂ ನಡುವೆ ಗಾಳಿಯಾಡಲು ಎಡೆ ಬಿಡಬೇಕು. ಬೆಳಕಿಂಡಿಯನ್ನು ಮಾತ್ರ ಮುಚ್ಚಬಾರದು. ಅದನ್ನು ಮುಚ್ಚಿದರೆ ನಡುಮನೆಗೆ ಹಗಲಿನಲ್ಲಿಯೂ ದೀಪ ಬೇಕಾಗುವದು.

ಎರಡನೆಯದು ಗೋಡೆಯ ಬುಡ. ಎರೆಯ ಮಣ್ಣು ನೀರುಂಡರೆ ಉಬ್ಬುವದು, ಒಣಗಿದರೆ ಕುಗ್ಗಿ ಬಾಯಿ ಬಿಡುವದು. ಈ ಉಬ್ಬು ತಗ್ಗಿನಿಂದಲೇ ರೋಣ ನರಗುಂದಗಳ ಎಷ್ಟೋ ಗೋಡೆಗಳು ಓರೆಯಾಗಿ ಸೀಳುವವು. ಇದನ್ನು ತಡೆಯಲು ಬುಡದ ಸುತ್ತಲೂ ಎರಡು ಮೂರು ಅಡಿ ಅಗಲಕ್ಕೆ ಫರಸಿಯನ್ನು ಹೊರಗಡೆಗೆ ಇಳಿಜಾರಾಗಿ ಹಾಸಿ, ನೀರನ್ನು ಗಟಾರಕ್ಕೆ ಮುಟ್ಟಿಸಬೇಕು. ಬಚ್ಚಲ ನೀರು ಗೋಡೆಯ ಬಳಿ ಇಂಗದಂತೆ ನೋಡಬೇಕು. ರಸ್ತೆಯನ್ನು ಮೇಲಿಂದ ಮೇಲೆ ಎತ್ತರಿಸಿದ್ದರಿಂದ ಹಲವು ಮನೆಗಳ ಹೊಸ್ತಿಲು ಬೀದಿಗಿಂತ ತಗ್ಗಾಗಿದೆ. ಅಂಥಲ್ಲಿ ಬೀದಿಯ ನೀರು ಒಳಗೆ ನುಗ್ಗದಂತೆ ಮೊದಲು ದಾರಿ ಹುಡುಕದೆ ಬಣ್ಣದ ಮಾತನ್ನೇ ಎತ್ತಕೂಡದು.

ನರಗುಂದದವರು ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಹಿಂದಿನವರು ಜೋಳವನ್ನು ಕೂಡಿಡಲು ಮನೆಯೊಳಗೂ ಬೀದಿಯಲ್ಲಿಯೂ ಹಗೇವುಗಳನ್ನು ತೋಡಿಸುತ್ತಿದ್ದರು. ಅವು ಬಳಕೆ ತಪ್ಪಿ, ಕೆಲವು ಮರೆತೇ ಹೋದವು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ನೆಲದೊಳಗಿನ ನೀರು ಮೇಲೇರಿ ಸವಳು ಜವಳಿನ ತೊಂದರೆಯೂ ಕಾಣಿಸಿತು. 2019ರಿಂದೀಚಿನ ಕೆಲವು ಮಳೆಗಾಲಗಳಲ್ಲಿ ನರಗುಂದದ ಹಳೆಯ ಓಣಿಗಳಲ್ಲಿ ನೆಲವು ಇದ್ದಕ್ಕಿದ್ದಂತೆ ಕುಸಿದದ್ದಕ್ಕೆ ಹಗೇವುಗಳೂ ಮೇಲೇರಿದ ಅಂತರ್ಜಲವೂ ಕಾರಣವೆಂದು ಹೇಳಲಾಯಿತು. ಆದಕಾರಣ ಮನೆಯ ಹಿರಿಯರು ಇರುವಾಗಲೇ “ನಮ್ಮ ಹಗೇವು ಎಲ್ಲಿತ್ತು?” ಎಂದು ಕೇಳಿ ಗುರುತು ಮಾಡಿಕೊಳ್ಳಿರಿ. ಅದನ್ನು ತಿಳಿದವರಿಂದ ಸರಿಯಾಗಿ ತುಂಬಿಸಿದ ಮೇಲೆಯೇ ಹೊರಗೋಡೆಗೆ ಹಣ ಹಾಕಿರಿ.

ಮೂರನೆಯದು ಗೋಡೆ. ಬಿರುಕು ಕಂಡ ಕೂಡಲೆ ಮುಚ್ಚುವ ಅವಸರ ಬೇಡ. ಬಿರುಕಿನ ಮೇಲೆ ಅಡ್ಡಲಾಗಿ ಸ್ವಲ್ಪ ಸುಣ್ಣದ ಗಾರೆಯನ್ನು ಬಳಿದು ತಾರೀಖನ್ನು ಬರೆದಿಡಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಅದು ಒಡೆಯದಿದ್ದರೆ ಬಿರುಕು ಹಳೆಯದು. ಒಡೆದರೆ ಬುಡವು ಇನ್ನೂ ಅಲುಗುತ್ತಿದೆಯೆಂದು ತಿಳಿಯತಕ್ಕದ್ದು. ಈ ಮೊದಲೇ ಸಿಮೆಂಟು ಮೆತ್ತಿದ್ದರೆ ಕಟ್ಟಿಗೆಯ ಕೊಡತಿಯಿಂದ ಮೆಲ್ಲನೆ ತಟ್ಟಿ ನೋಡಿರಿ. ಟೊಳ್ಳು ಸಪ್ಪಳ ಬಂದ ಕಡೆಗೆ ಮೊದಲು ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಆರಗೊಡಿರಿ. ಬಳಿಕ ಸುಣ್ಣದ ಗಿಲಾವು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಎರಡು ವಾರವಾದರೂ ಕೊಳೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಇಟ್ಟಿಗೆಯ ಹುಡಿ ಬೆರೆಸಿದರೆ ಹಸಿಯನ್ನು ಇನ್ನಷ್ಟು ತಾಳುವದು. ಬೆಲ್ಲದ ನೀರು, ಅಳಲೆಕಾಯಿಯ ನೀರುಗಳನ್ನು ಸೇರಿಸುವ ಪದ್ಧತಿಯೂ ನಮ್ಮ ನಾಡಿನದೇ. ಸುಣ್ಣವು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲ ಮೆಲ್ಲನೆ ಮರಳಿ ಕಲ್ಲಾಗುವದು. ಅದಕ್ಕೆ ಕಾಲವನ್ನು ಕೊಡಬೇಕು, ಗೋಡೆಯನ್ನು ಕೆಲವು ದಿನ ತೇವವಾಗಿಡಬೇಕು.

ನಾಲ್ಕನೆಯದು ಬಣ್ಣ ಮತ್ತು ಬಾಗಿಲು. ಬಟ್ಟೆಯಲ್ಲಿ ಸೋಸಿದ ತಿಳಿ ಸುಣ್ಣಕ್ಕೆ ಸ್ವಲ್ಪ ಗೋಂದು ಸೇರಿಸಿ, ತೇವ ಮಾಡಿದ ಗೋಡೆಗೆ ತೆಳ್ಳಗೆ ಮೂರು ಸಲ ಬಳಿದರೆ ಅದರಷ್ಟು ಕಣ್ಣಿಗೆ ತಂಪಾದ ಹೊರಮೈ ಬೇರೊಂದಿಲ್ಲ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿಯನ್ನು ಎಳೆಯಬಹುದು. ಬೇರೆ ಬಣ್ಣ ಬೇಕೆನ್ನುವವರು ಸುಣ್ಣದಲ್ಲಿಯೇ ಮಣ್ಣಿನ ಬಣ್ಣಗಳನ್ನು ಕಲಸಬಹುದು. ತಲೆಬಾಗಿಲಿಗೆ ಪ್ರತಿ ಹಬ್ಬಕ್ಕೂ ಬಳಿದ ಎಣ್ಣೆಬಣ್ಣವು ಹೂಬಳ್ಳಿಗಳನ್ನೆಲ್ಲ ಹೂತುಬಿಟ್ಟಿರುವದು. ಅದನ್ನು ತಾಳ್ಮೆಯಿಂದ ಕೆರೆಸಿ ಅಗಸೆಯೆಣ್ಣೆಯನ್ನು ಉಜ್ಜಿಸಿದರೆ ಅಜ್ಜನ ಕಾಲದ ಬಡಿಗನ ಕೈಕೆಲಸ ಮತ್ತೆ ಮುಖ ತೋರುವದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು; ಮಕ್ಕಳನ್ನು ದೂರವಿಟ್ಟು ಹುಡಿ ಏಳದಂತೆ ಕೆರೆಸಿರಿ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಎಸೆಯಬೇಡಿರಿ. ಅವು ತಮ್ಮಷ್ಟಕ್ಕೆ ಕಾದು ಬೆಂಕಿ ಹತ್ತಬಹುದು. ಬಿಡಿಸಿ ಒಣಹಾಕಿದರೆ ಭಯವಿಲ್ಲ.

ಹೊಸ ಕಾಲದ ಅನುಕೂಲಗಳನ್ನು ಬೇಡವೆನ್ನುವವರು ನಾವಲ್ಲ. ವಿದ್ಯುತ್ತಿನ ತಂತಿ, ನಳದ ಕೊಳವೆ, ಮಾಳಿಗೆಯ ನೀರಿನ ತೊಟ್ಟಿ ಇವೆಲ್ಲ ಬೇಕಾದವುಗಳೇ. ಆದರೆ ತುಂಬಿದ ತೊಟ್ಟಿಯ ಭಾರವನ್ನು ಹಳೆಯ ಜಂತಿಯ ಮೇಲೆ ಹೊರಿಸದೆ ಬೇರೆ ಕಂಬಗಳ ಮೇಲೆ ನಿಲ್ಲಿಸಬೇಕು. ಕೊಳವೆಯನ್ನು ಗೋಡೆಯೊಳಗೆ ಹುಗಿಯದೆ ಹೊರಗೆ ಒಯ್ದರೆ ಸೋರಿದ್ದು ಅಂದೇ ಕಣ್ಣಿಗೆ ಬೀಳುವದು. ಮೋಟಾರ ಸೈಕಲು ಒಳಗೆ ಬರಲೆಂದು ಕಟ್ಟೆಯನ್ನು ಒಡೆಸುವ ಮುನ್ನ ಎರಡು ಸಲ ವಿಚಾರ ಮಾಡಿರಿ. ಕಟ್ಟೆಯೆಂದರೆ ಸಂಜೆ ಹಿರಿಯರು ಕುಳಿತುಕೊಳ್ಳುವ ಸ್ಥಳ ಮಾತ್ರವಲ್ಲ. ಗೋಡೆಯ ಬುಡಕ್ಕೆ ಮಳೆಯ ಪೆಟ್ಟು ತಗಲದಂತೆ ಕಾಯುವ ಕಾವಲುಗಾರನೂ ಅದೇ. ಬೀದಿಯ ಕಡೆಗೆ ಏನನ್ನಾದರೂ ಹೆಚ್ಚಿಸುವದಿದ್ದರೆ ಪುರಸಭೆಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು.

ಹಣದ ಮಾತು. ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂಬ ನೇಮವೇನಿಲ್ಲ. ಮಾಳಿಗೆಯನ್ನೂ ಬುಡವನ್ನೂ ಈ ಬೇಸಿಗೆಯಲ್ಲಿ, ಬೀದಿಯ ಗೋಡೆಯನ್ನು ದೀಪಾವಳಿಯ ನಂತರದ ತಂಪಿನಲ್ಲಿ, ಉಳಿದ ಗೋಡೆಗಳನ್ನು ಮುಂದಿನ ವರ್ಷಗಳಲ್ಲಿ ಮಾಡಿಸಬಹುದು. ಉರಿಬಿಸಿಲಿನಲ್ಲಿ ಸುಣ್ಣದ ಗಿಲಾವು ಬೇಗನೆ ಒಣಗಿ ಸೀಳುವದರಿಂದ ಚಳಿಗಾಲವೇ ಅದಕ್ಕೆ ಒಳ್ಳೆಯದು. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆಯಾಗಿರುವರು. ವಯಸ್ಸಾದವರೊಬ್ಬರು ಸಿಕ್ಕರೆ ಅವರ ಕೈಕೆಳಗೆ ಇಬ್ಬರು ಹುಡುಗರನ್ನು ಇಟ್ಟು ಮಾಡಿಸಿರಿ. ನಿಮ್ಮ ಗೋಡೆಯೊಡನೆ ಒಂದು ವಿದ್ಯೆಯೂ ಉಳಿಯುವದು.

ಕೊನೆಗೆ ಒಂದು ಕಟುವಾದ ಮಾತನ್ನೂ ಹೇಳಲೇಬೇಕು. ಎಲ್ಲ ಹಳೆಯ ಮನೆಗಳೂ ಉಳಿಸತಕ್ಕವುಗಳಲ್ಲ. 2009ನೆಯ ಇಸವಿಯ ಸಪ್ಟಂಬರದ ಕೊನೆಗೆ ಹಾಗೂ ಅಕ್ಟೋಬರದ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯನ್ನೂ, 2019ರ ಆಗಸ್ಟದಲ್ಲಿ ಮಲಪ್ರಭೆಯ ನೆರೆಯು ನರಗುಂದ ತಾಲೂಕಿನ ಕೊಣ್ಣೂರನ್ನು ಹೊಕ್ಕದ್ದನ್ನೂ ಜನರು ಮರೆತಿಲ್ಲ. ನೆನೆದ ಮಣ್ಣಿನ ಗೋಡೆಯು ಬೀಳುವ ಮುನ್ನ ಹೇಳಿ ಕಳಿಸುವದಿಲ್ಲ. ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿಯೇ ಬೀಳಬಹುದು. ಗೋಡೆಯ ಹೊಟ್ಟೆ ಉಬ್ಬಿದ್ದರೆ, ಮೂಲೆಗಳು ಬಿಟ್ಟುಕೊಂಡಿದ್ದರೆ, ಕಂಬದ ಬುಡವನ್ನು ಗೆದ್ದಲು ತಿಂದಿದ್ದರೆ, ಅಲ್ಲಿ ಮಲಗುವದನ್ನು ಅಂದೇ ಬಿಡಬೇಕು. ಬಲ್ಲ ಇಂಜಿನಿಯರರನ್ನು ಕರೆಯಿಸಿ ತೋರಿಸಬೇಕು. ಅವರು ಇಳಿಸಿರೆಂದರೆ ಇಳಿಸುವದೇ ಧರ್ಮ. ಹಿರಿಯರ ನೆನಪಿಗಾಗಿ ತಲೆಬಾಗಿಲನ್ನೂ ಕಂಬಗಳನ್ನೂ ಹೊಸ ಮನೆಯಲ್ಲಿ ನಿಲ್ಲಿಸಿಕೊಳ್ಳಬಹುದು. ಹಿರಿಯರ ಗೋಡೆಗಾಗಿ ಕಿರಿಯರ ಜೀವವನ್ನು ಪಣಕ್ಕಿಡಲಾಗದು.

ಆದರೆ ಅಂಥ ದೋಷವಿಲ್ಲದ ಮನೆಗಳು ಈ ಊರುಗಳಲ್ಲಿ ಇನ್ನೂ ಎಷ್ಟೋ ಇವೆ. ಅವುಗಳಿಗೆ ಬೇಕಾದದ್ದು ಹೊಸ ಮುಖವಲ್ಲ, ಒಣಗಿದ ಮೈ. ಮೈ ಒಣಗಿದ್ದರೆ ಮುಖವು ತಾನೇ ಕಳೆಯೇರುವದು. ಈ ಸಲ ಮೃಗಶಿರ ಮಳೆ ಹೂಡುವ ಮೊದಲು ಮನೆಯ ಯಜಮಾನರು ಮಕ್ಕಳನ್ನು ಸಂಗಡ ಕರೆದುಕೊಂಡು ಒಮ್ಮೆ ಮಾಳಿಗೆಯನ್ನೇರಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವದೆಂಬುದನ್ನು ಕಣ್ಣಾರೆ ನೋಡಿ ಬರಲಿ. ಅದಕ್ಕೆ ಖರ್ಚೇನೂ ಇಲ್ಲ. ಉಳಿದ ಕೆಲಸವೆಲ್ಲ ಅಲ್ಲಿಂದಲೇ ಮೊದಲಾಗತಕ್ಕದ್ದು.