ಹದಿನೆಂಟಕ್ಕೆ ಮೊದಲ ಕಿಕ್

ವಿದ್ಯಾಗಿರಿಯ ನಮ್ಮ ಕಾಲೇಜ್ ಫುಟ್‌ಬಾಲ್ ಟೀಮ್‌ನಲ್ಲಿ ಹೆಚ್ಚಿನವರು ಆಡೋಕೆ ಶುರು ಮಾಡಿದ್ದೇ ಹದಿನೆಂಟಕ್ಕೆ. ಅದಕ್ಕೂ ಮೊದಲು ಬರೀ ಕ್ರಿಕೆಟ್. ಮೆಸ್ಸಿ ಹದಿಮೂರಕ್ಕೇ ಬಾರ್ಸಿಲೋನಾ ಸೇರಿದ್ದ! ಕಾಲಿಗೆ ಚೆಂಡಿನ ರೂಢಿ ಸಣ್ಣವರಿದ್ದಾಗಲೇ ಆಗಬೇಕು. ಆಮೇಲೆ ಎಷ್ಟು ಜಿಮ್ ಮಾಡಿದ್ರೂ ಓಟ ಬರ್ತದ, ಆಟ ಬರೂದಿಲ್ಲ.

ಕರ್ನಾಟಕದಲ್ಲಿ ಆಟಗಾರರೇ ಹುಟ್ಟಿಲ್ಲ ಅಂತಲ್ಲ. 1948 ಮತ್ತು 1952ರ ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಅಲ್ಲಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡ್ತಿದ್ದರು, ಓಣಿ ಹುಡುಗರು ನೋಡಿ ಕಲಿತರು. ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಐತಿ. ಆದರೆ ಆಟ ಆ ಕೆಲವು ಓಣಿ ದಾಟಿ ನಮ್ಮ ಕಡೆ ಅಷ್ಟಾಗಿ ಬರಲೇ ಇಲ್ಲ. 1969ರ ನಂತರ ಸಂತೋಷ್ ಟ್ರೋಫಿ ಮತ್ತೆ ಗೆಲ್ಲೋಕೆ 2023 ಆಗಬೇಕಾಯ್ತು.

ಅಮೆರಿಕದಲ್ಲಿ ಮೈದಾನಕ್ಕೆ ಬರ ಇಲ್ಲ. ಆದರೆ ಒಳ್ಳೆ ಕ್ಲಬ್ಬಿಗೆ ಅಪ್ಪ-ಅಮ್ಮ ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟಬೇಕು. ಕಟ್ಟಲಾಗದ ಹುಡುಗ ಹೊರಗೆ. ಅಲ್ಲಿನ ಸ್ಟಾರ್ ಪುಲಿಸಿಕ್ ಕೂಡ ಹದಿನಾರಕ್ಕೇ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದ. ನಮ್ಮಲ್ಲಿ ಫೀ ಕಟ್ಟೋಣ ಅಂದ್ರೂ ಕ್ಲಬ್ ಹುಡುಕಬೇಕು.

ಸಂಜೆ ಪ್ರಾಕ್ಟೀಸ್ ಹೊತ್ತಿಗೆ ಐದನೇ ಕ್ಲಾಸಿನ ಹುಡುಗನೊಬ್ಬ ಗೋಲ್ ಹಿಂದೆ ನಿಂತಿರ್ತಾನ. ಹೊರಗೆ ಹೋದ ಚೆಂಡನ್ನ ಎಡಗಾಲಿಂದ ನೇರ ನಮ್ಮ ಕಾಲಿಗೇ ಕಳಿಸ್ತಾನ. ಹೋದ ವಾರದಿಂದ ಅವನನ್ನೂ ಆಟಕ್ಕೆ ಕರ್ಕೊಂಡೀವಿ.